ಫಾರ್ಮ್ 16 ಎಲ್ಲಿ ಹೋಯ್ತು?

ಜುಲೈ ಬಂತು ಅಂದ್ರೆ ನನಗೆ ಫಾರ್ಮ್ 16, ಅಂದರೆ ಸಂಬಳದಲ್ಲಿ ಕಡಿತವಾದ ಆದಾಯ ತೆರಿಗೆಯ ಪ್ರಮಾಣಪತ್ರ, ನೆನಪಾಗುತ್ತದೆ. ಆಫೀಸಿನವರು ಯಾವತ್ತೋ ಮೇಲ್ ಮಾಡಿರುತ್ತಾರೆ, ನಾನು ಆಮೇಲೆ ನೋಡೋಣ ಅಂತ ಬಿಟ್ಟಿರುತ್ತೇನೆ. ಈ ಸಲ ಜಾಣತನ ಮಾಡಿದೆ. ಹೋದ ವರ್ಷ ಮೇಲ್‌ನಲ್ಲಿ ಉಳಿಸಿಟ್ಟಿದ್ದ ಹುಡುಕಾಟವನ್ನೇ ಮತ್ತೆ ಒತ್ತಿದೆ. ಸಿಕ್ಕಿದ್ದು ಹೋದ ವರ್ಷದ್ದೇ ಫಾರ್ಮ್!

ತಪ್ಪು ನನ್ನದೇ. ಮೇ 1ರಿಂದ ಜುಲೈ 31ರವರೆಗೆ ಅಂತ ಇಸವಿ ಸಮೇತ ತಾರೀಖು ಹಾಕಿ ಉಳಿಸಿದ್ದೆ.

ಉಳಿಸಿದ ಹುಡುಕಾಟದಲ್ಲಿ ಇರುವುದು ನಾವು ಟೈಪ್ ಮಾಡಿದ ಒಂದು ಸಾಲು ಅಷ್ಟೇ. ಸಿಕ್ಕಿದ ಮೇಲ್‌ಗಳು ಅದರಲ್ಲಿ ಇರುವುದಿಲ್ಲ. ಪ್ರತಿ ಸಲ ಒತ್ತಿದಾಗಲೂ ಹುಡುಕಾಟ ಹೊಸದಾಗಿ ನಡೆಯುತ್ತದೆ. ಹಾಗಂತ ಕಂಪ್ಯೂಟರ್ ಎಲ್ಲ ಮೇಲ್‌ಗಳನ್ನೂ ಓದುತ್ತಾ ಕೂರುವುದಿಲ್ಲ. ದಪ್ಪ ಪುಸ್ತಕದ ಕೊನೆಯಲ್ಲಿ ಪದಸೂಚಿ ಇರುತ್ತದಲ್ವಾ, ಅಂಥದ್ದೇ ಒಂದನ್ನು ಮೊದಲೇ ಮಾಡಿಟ್ಟಿರುತ್ತದೆ. ‘ಫಾರ್ಮ್’ ಎಂಬ ಪದದ ಮುಂದೆ ಅದಿರುವ ಮೇಲ್‌ಗಳ ನಂಬರು, ‘16’ರ ಮುಂದೆ ಅದರದ್ದು. ಎರಡು ಪಟ್ಟಿಯಲ್ಲೂ ಇರುವ ನಂಬರುಗಳನ್ನು ಆರಿಸಿದರೆ ಮುಗಿಯಿತು. ಹೊಸ ಮೇಲ್ ಬಂದಾಗ ಪಟ್ಟಿ ಬೆಳೆಯುತ್ತದೆ, ಅಳಿಸಿದಾಗ ಕುಗ್ಗುತ್ತದೆ. ಅದಕ್ಕೇ ನಿನ್ನೆ ಕೇಳಿದ್ದನ್ನೇ ಇವತ್ತು ಕೇಳಿದರೂ ಉತ್ತರ ಬೇರೆ ಬರಬಹುದು.

ಥಂಡರ್‌ಬರ್ಡ್ ಎಂಬ ಮೇಲ್ ತಂತ್ರಾಂಶದಲ್ಲಿ ಉಳಿಸಿದ ಹುಡುಕಾಟ ಫೋಲ್ಡರ್‌ನಂತೆಯೇ ಕಾಣುತ್ತದೆ. ಆ ಫೋಲ್ಡರ್ ಅಳಿಸಿದರೆ ಮೇಲ್‌ಗಳಿಗೆ ಏನೂ ಆಗದು. ಆದರೆ ಅದರೊಳಗೆ ಕಾಣುವ ಮೇಲ್ ಅಳಿಸಿದರೆ ನಿಜವಾದ ಮೇಲೇ ಹೋಗುತ್ತದೆ, ಹುಷಾರು!

ಹುಡುಕಿದ್ದನ್ನೇ ಮತ್ತೆ ಹುಡುಕುವ ಚಾಳಿ ನನ್ನೊಬ್ಬನದಲ್ಲ. ಸಂಶೋಧಕಿ ಜೇಮಿ ಟೀವನ್ ಮತ್ತು ಸಂಗಡಿಗರು ಯಾಹೂ ಸರ್ಚ್ ಬಳಸಿದ 114 ಜನರ ಒಂದು ವರ್ಷದ ದಾಖಲೆ ನೋಡಿ 2007ರಲ್ಲಿ ಪ್ರಕಟಿಸಿದರು. ಸುಮಾರು 40% ಹುಡುಕಾಟಗಳು ಹಿಂದೆ ಕಂಡದ್ದನ್ನೇ ಮತ್ತೆ ಹುಡುಕಲು ಮಾಡಿದಂಥವು. ಅದು ವೆಬ್ ಮಾತು. ಮೇಲ್‌ನಲ್ಲಂತೂ ನಾವು ಹುಡುಕುವುದೇ ಹಿಂದೆ ಬಂದದ್ದನ್ನು.

ಜಿಮೇಲ್‌ನಲ್ಲಿ ತಾರೀಖಿನ ಬದಲು ‘ಕಳೆದ 3 ತಿಂಗಳು’ ಎಂಬರ್ಥದ ಸೂಚನೆಯನ್ನೂ ಕೊಡಬಹುದು. ಒತ್ತಿದ ದಿನದಿಂದ ಅದು ಹಿಂದಕ್ಕೆ ಎಣಿಸುತ್ತದೆ. ವರ್ಷವರ್ಷವೂ ಬೇಕಾಗುವ ಕಾಗದಕ್ಕೆ ಇದೇ ಸರಿ. ಹಳೇ ಜಗಳವೊಂದರ ಮೇಲ್‌ಗಳನ್ನು ವಕೀಲರಿಗೆ ತೋರಿಸಬೇಕಾದರೆ ಮಾತ್ರ ಗಟ್ಟಿ ತಾರೀಖೇ ಬೇಕು, ಇಲ್ಲದಿದ್ದರೆ ತಿಂಗಳು ಕಳೆದಂತೆ ಸಾಕ್ಷಿಯೇ ಪಟ್ಟಿಯಿಂದ ಜಾರಿಬಿಡುತ್ತದೆ.

ನಾನೂ ತಾರೀಖು ತೆಗೆದು ಹಾಗೇ ಬದಲಿಸಿದೆ. ಈ ವರ್ಷದ ಫಾರ್ಮ್ ಮೊದಲ ಸಾಲಿನಲ್ಲೇ ಬಂತು. ತೆರೆದರೆ ಪಾಸ್‌ವರ್ಡ್ ಕೇಳಿತು. ಅದನ್ನು ತಿಳಿಸಿದ ಮೇಲ್ ಎಲ್ಲಿದೆ ಅಂತ ಈಗ ಹುಡುಕುತ್ತಿದ್ದೇನೆ.