ದರಕು ಸುಡುವ ಮುನ್ನ

ಶಿವರಾತ್ರಿ ಹತ್ತಿರವಾಗುವ ಹೊತ್ತಿಗೆ ಭದ್ರಾ ಅಣೆಕಟ್ಟಿನ ಸುತ್ತಲಿನ ಕಾಡು ತೇಗ, ಮತ್ತಿ, ಹೊನ್ನೆ, ನಂದಿ ಮರಗಳ ಎಲೆಗಳನ್ನು ನೆಲಕ್ಕೆ ಚೆಲ್ಲಿ ಬೋಳಾಗತೊಡಗುತ್ತದೆ. ಈ ಕಾಡಿನ ನೆರೆಯಲ್ಲೇ, ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ, 1987ರಲ್ಲಿ ಸ್ಥಾಪನೆಯಾದ ಕುವೆಂಪು ವಿಶ್ವವಿದ್ಯಾಲಯದ ‘ಜ್ಞಾನಸಹ್ಯಾದ್ರಿ’ ಆವರಣವಿದೆ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕನ ಹೆಸರಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಬಯಲುಸೀಮೆಯ ಕ್ಯಾಂಪಸ್ಸೊಂದು ನೆರಳಿಗಾಗಿ ವರ್ಷಗಟ್ಟಲೆ ಹೆಣಗಬೇಕಾದರೆ, ಮಲೆನಾಡಿನ ಕ್ಯಾಂಪಸ್ಸಿಗೆ ಮರಗಳು ಬಳುವಳಿಯಾಗಿ ಬಂದಿರುತ್ತವೆ. ಹಾಗಾಗಿ ಇಲ್ಲಿನ ವಿಶ್ವವಿದ್ಯಾಲಯವೊಂದು ಪರಿಸರದ ಬಗ್ಗೆ ಎಷ್ಟು ಕಾಳಜಿ ಹೊಂದಿದೆ ಎಂಬುದನ್ನು ಅದು ನೆಟ್ಟ ಸಸಿಗಳ ಲೆಕ್ಕದಿಂದ ಅಳೆಯುವುದಕ್ಕಿಂತ, ಫೆಬ್ರವರಿಯಲ್ಲಿ ಉದುರುವ ಒಣ ಎಲೆಗಳನ್ನು, ಎಂದರೆ ದರಕನ್ನು, ಅದು ಏನು ಮಾಡುತ್ತದೆ ಎಂಬುದರಿಂದ ಅಳೆಯುವುದು ಹೆಚ್ಚು ನ್ಯಾಯವೆಂದು ನನಗೆ ತೋರುತ್ತದೆ.

ಸೌರಫಲಕ, ಮಳೆನೀರಿನ ಕೊಯ್ಲು, ಎಲ್‌ಇಡಿ ದೀಪಗಳ ವಿಷಯವನ್ನು ಇಲ್ಲಿ ಬೆಳೆಸುವುದಿಲ್ಲ. ಹಣವಿದ್ದರೆ ಅವನ್ನು ಗುತ್ತಿಗೆ ಕೊಟ್ಟು ಮಾಡಿಸಬಹುದು. ದರಕಿನದು ಹಾಗಲ್ಲ. ಅದಕ್ಕೆ ಯಂತ್ರಕ್ಕಿಂತ ಹೆಚ್ಚಾಗಿ ಜನ ಬೇಕು, ಅದೂ ವರ್ಷ ವರ್ಷವೂ ಬೇಕು. ನಮ್ಮ ಭಾಗದ ಶಾಲೆ, ಕಾಲೇಜು, ಕಚೇರಿಗಳ ಆವರಣಗಳಲ್ಲಿ ಬೇಸಿಗೆಯ ಬೆಳಗ್ಗೆ ಕಾಣುವ ನೋಟ ಸಾಮಾನ್ಯವಾಗಿ ಒಂದೇ: ಗುಡಿಸಿ ಒಟ್ಟಿದ ಎಲೆಗಳಿಗೆ ಬೆಂಕಿ ಹಚ್ಚಲಾಗಿರುತ್ತದೆ, ಹೊಗೆ ತರಗತಿಯ ಕಿಟಕಿಯವರೆಗೆ ಹರಡಿರುತ್ತದೆ. ಅದೇ ಆವರಣದಲ್ಲಿ ವಿಶ್ವ ಪರಿಸರ ದಿನವಾದ ಜೂನ್ 5ರಂದು, ಹೊರಗಿನಿಂದ ಕೊಂಡು ತಂದ ಗೊಬ್ಬರವನ್ನು ಗುಂಡಿಗೆ ಸುರಿದು ಸಸಿ ನೆಡುತ್ತಾರೆ. ಈ ವಿರೋಧಾಭಾಸ ಯಾರ ಕಣ್ಣಿಗೂ ಬೀಳದಿರುವುದಕ್ಕೆ ಕಾರಣ, ಎರಡರ ನಡುವೆ ಪರೀಕ್ಷೆಯೂ ರಜೆಯೂ ಮುಗಿದು ಅರ್ಧದಷ್ಟು ಜನ ಬದಲಾಗಿರುವುದು.

ಉದುರುವ ಮುನ್ನ ಎಲೆಯೊಳಗೆ ನಡೆಯುವ ವ್ಯವಹಾರ ಕುತೂಹಲಕರವಾದದ್ದು. ಮರ ತನ್ನ ಎಲೆಯನ್ನು ಹಾಗೆಯೇ ಎಸೆಯುವುದಿಲ್ಲ. ಹಸಿರು ಬಣ್ಣದ ಪತ್ರಹರಿತ್ತನ್ನೂ ಪ್ರೋಟೀನುಗಳನ್ನೂ ಒಡೆದು, ಅದರಲ್ಲಿದ್ದ ಸಾರಜನಕ ಮತ್ತು ರಂಜಕದಲ್ಲಿ ಸುಮಾರು ಅರ್ಧದಷ್ಟನ್ನು ಕಾಂಡಕ್ಕೆ ಹಿಂದಕ್ಕೆ ಎಳೆದುಕೊಂಡ ಮೇಲೆಯೇ ತೊಟ್ಟಿನ ಬುಡದಲ್ಲಿ ಬಿರಟೆಯಂಥ ಪದರ ಕಟ್ಟಿ ಎಲೆಯನ್ನು ಕಳಚುತ್ತದೆ. ಎಲೆ ಹಳದಿಯಾಗುವುದು ಈ ಹಿಂಪಡೆತದ ಗುರುತು. ಉಳಿದರ್ಧವೂ ಸುಣ್ಣಾಂಶವೂ ಎಲೆಯೊಂದಿಗೆ ನೆಲಕ್ಕೆ ಬೀಳುತ್ತವೆ. ಶಿಲೀಂಧ್ರ, ಗೆದ್ದಲು, ಎರೆಹುಳು, ಸಹಸ್ರಪದಿಗಳ ಹೊಟ್ಟೆಯ ಹಾದಿಯಲ್ಲಿ ಅವು ಮತ್ತೆ ಬೇರಿಗೆ ಸೇರಬೇಕು. ಬೆಂಕಿ ಈ ಹಾದಿಯನ್ನೇ ಕಡಿಯುತ್ತದೆ. ಸುಟ್ಟಾಗ ಸಾರಜನಕದ ಬಹುಪಾಲು ಅನಿಲವಾಗಿ ಹಾರಿಹೋಗುತ್ತದೆ. ಬೂದಿಯಲ್ಲಿ ಉಳಿಯುವ ಪೊಟ್ಯಾಸಿಯಂ ನೀರಿನಲ್ಲಿ ಸುಲಭವಾಗಿ ಕರಗುವುದರಿಂದ ಮೊದಲ ಮಳೆಗೇ ಚರಂಡಿ ಸೇರುತ್ತದೆ. ಇಬ್ಬನಿಗೆ ನೆನೆದ ಎಲೆ ಧಗಧಗನೆ ಉರಿಯುವುದಿಲ್ಲ, ಹೊಗೆಯಾಡುತ್ತದೆ. ಹಾಗೆ ಅರೆಬರೆ ಉರಿಯುವಾಗಲೇ ಇಂಗಾಲದ ಮಾನಾಕ್ಸೈಡ್ ಮತ್ತು ಪಿಎಂ 2.5 ಎನ್ನುವ ಸೂಕ್ಷ್ಮ ಕಣಗಳು ಹೆಚ್ಚು ಹೊಮ್ಮುವುದು. ತಲೆಗೂದಲಿನ ದಪ್ಪದ ಮೂವತ್ತರಲ್ಲಿ ಒಂದು ಪಾಲಿನಷ್ಟಿರುವ ಈ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಗುಡ್ಡಗಳ ನಡುವಿನ ಕಣಿವೆಯಲ್ಲಿ ಬೆಳಗಿನ ತಂಪು ಗಾಳಿ ನೆಲಕ್ಕೆ ಅಂಟಿಕೊಂಡು, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕುಳಿತಿರುವುದರಿಂದ ಹೊಗೆ ಮೇಲೇರಲಾಗದೆ ಅಲ್ಲೇ ಸುಳಿಯುತ್ತದೆ. ಗುಡಿಸುವ ಕೆಲಸದವರೇ ಅದನ್ನು ಮೊದಲು ಉಸಿರಾಡುವವರು.

ನಗರ, ಪಟ್ಟಣಗಳಿಗಾಗಿ ರೂಪಿಸಿದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು 5,000 ಚದರ ಮೀಟರಿಗಿಂತ, ಎಂದರೆ ಒಂದೂಕಾಲು ಎಕರೆಗಿಂತ ತುಸು ಕಡಿಮೆ ಜಾಗಕ್ಕಿಂತ, ದೊಡ್ಡದಾದ ಸಂಸ್ಥೆಗಳು ತಮ್ಮ ಕೊಳೆಯುವ ತ್ಯಾಜ್ಯವನ್ನು ಸಾಧ್ಯವಾದಷ್ಟೂ ತಮ್ಮ ಆವರಣದೊಳಗೇ ಗೊಬ್ಬರವಾಗಿಸಬೇಕೆಂದು ಹೇಳಿದವು. ಬಯಲಿನಲ್ಲಿ ಸುಡುವುದನ್ನೂ ನಿಷೇಧಿಸಿದವು. ಹಳ್ಳಿಯ ಎಲ್ಲೆಯೊಳಗಿರುವ ವಿಶ್ವವಿದ್ಯಾಲಯ ‘ಇದು ನಮಗೆ ಅನ್ವಯಿಸದು’ ಎಂದು ವಾದಿಸಬಹುದೇನೋ. ಆದರೆ ಪರಿಸರ ವಿಜ್ಞಾನವನ್ನು ಪಾಠ ಹೇಳುವ ಸಂಸ್ಥೆಗೆ ಆ ವಾದ ಶೋಭಿಸದು.

ದರಕನ್ನು ಗೊಬ್ಬರವಾಗಿಸುವ ವಿದ್ಯೆ ಮಲೆನಾಡಿಗೆ ಹೊರಗಿನಿಂದ ಬರಬೇಕಾಗಿಲ್ಲ. ಸೊಪ್ಪಿನ ಬೆಟ್ಟದಿಂದ ತಂದ ಹಸಿಸೊಪ್ಪು, ಬೇಸಿಗೆಯಲ್ಲಿ ಗುಡಿಸಿ ಕೂಡಿಟ್ಟ ದರಕು ಇವನ್ನು ಕೊಟ್ಟಿಗೆಯಲ್ಲಿ ದನದ ಕಾಲಡಿ ಹಾಸಿ, ಸಗಣಿ ಗಂಜಲದಲ್ಲಿ ನೆನೆದ ಮೇಲೆ ಗೊಬ್ಬರದ ಗುಂಡಿಗೆ ಹಾಕಿ, ಅಡಿಕೆ ತೋಟಕ್ಕೆ ಹೊರುವ ಕ್ರಮ ತಲೆಮಾರುಗಳಿಂದ ನಡೆದುಬಂದಿದೆ. ಇದರ ಹಿಂದಿನ ರಸಾಯನಶಾಸ್ತ್ರ ಹೀಗಿದೆ: ಕೊಳೆಸುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲವಿರುವ ಆಹಾರ ಹಿತ. ಮರವೇ ಸಾರಜನಕವನ್ನು ಹಿಂಪಡೆದಿರುವುದರಿಂದ ಒಣ ಎಲೆಯಲ್ಲಿ ಇಂಗಾಲದ ಪಾಲು ಐವತ್ತನ್ನು ಮೀರಿರುತ್ತದೆ. ಎಲೆಯನ್ನಷ್ಟೇ ರಾಶಿ ಹಾಕಿದರೆ ಅದು ವರ್ಷವಾದರೂ ಹಾಗೆಯೇ ಬಿದ್ದಿರುವುದು ಇದರಿಂದಲೇ. ಸಗಣಿಯಲ್ಲಿ ಇಂಗಾಲದ ಪಾಲು ಇಪ್ಪತ್ತರ ಆಸುಪಾಸು. ಇನ್ನು ಗಂಜಲದಲ್ಲಿ ಯೂರಿಯಾ ರೂಪದ ಸಾರಜನಕ ಹೇರಳ. ಕೊಟ್ಟಿಗೆ ಎಂಬುದು, ಅನುಪಾತದ ಹೆಸರೇ ಕೇಳದವರು ಕಟ್ಟಿದ ಅನುಪಾತದ ಪ್ರಯೋಗಾಲಯ.

ಕ್ಯಾಂಪಸ್ಸಿನಲ್ಲಿ ದನವಿಲ್ಲದಿರಬಹುದು, ಹಾಸ್ಟೆಲ್ ಇದೆ. ಅಡುಗೆಮನೆಯ ತರಕಾರಿ ಸಿಪ್ಪೆ, ಕತ್ತರಿಸಿದ ಹಸಿ ಹುಲ್ಲು, ನೆರೆಯ ಊರಿನಿಂದ ಕೊಂಡ ಒಂದಿಷ್ಟು ಸಗಣಿ ಇವು ಅದೇ ಕೆಲಸ ಮಾಡುತ್ತವೆ. ರಾಶಿ ಉದ್ದ, ಅಗಲ, ಎತ್ತರಗಳಲ್ಲಿ ಕನಿಷ್ಠ ಒಂದು ಮೀಟರಿನಷ್ಟಿದ್ದರೆ ಒಳಗಿನ ಶಾಖ ಸೋರದೆ ಕೆಲವೇ ದಿನಗಳಲ್ಲಿ 55ರಿಂದ 65 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಕಳೆಯ ಬೀಜಗಳೂ ರೋಗಾಣುಗಳೂ ಅಲ್ಲಿ ಸಾಯುತ್ತವೆ. ಎಪ್ಪತ್ತು ದಾಟಿದರೆ ಕೆಲಸ ಮಾಡುವ ಸೂಕ್ಷ್ಮಜೀವಿಗಳೂ ಸಾಯುವುದರಿಂದ ರಾಶಿಯನ್ನು ಆಗಾಗ ಮಗುಚಬೇಕು. ಹಿಡಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವವಿದ್ದರೆ ಸಾಕು. ಅಕೇಶಿಯಾ ನೆಡುತೋಪಿರುವ ಕಡೆ ಮಾತ್ರ ಹೆಚ್ಚು ತಾಳ್ಮೆ ಬೇಕು: ಆ ಮರದಲ್ಲಿ ನಾವು ಎಲೆ ಎಂದುಕೊಳ್ಳುವುದು ನಿಜಕ್ಕೂ ಚಪ್ಪಟೆಯಾದ ತೊಟ್ಟು, ದಪ್ಪ ಮತ್ತು ಬಿರುಸು. ಕತ್ತರಿಸಿ ಹಾಕದಿದ್ದರೆ ಅದು ಬೇಗ ಕರಗದು.

ಎಲ್ಲ ದರಕನ್ನೂ ಗುಡಿಸಬೇಕೆಂದೇನೂ ಇಲ್ಲ. ರಸ್ತೆ, ಕಟ್ಟಡಗಳ ಸುತ್ತ ಬಿದ್ದದ್ದನ್ನು ಎತ್ತಿದರೆ ಸಾಕು. ಮರಗಳ ಬುಡದ್ದು ಅಲ್ಲೇ ಇರಲಿ. ಜೂನಿನ ದೊಡ್ಡ ಹನಿ ಬರಿನೆಲಕ್ಕೆ ಬಡಿದಾಗ ಮಣ್ಣಿನ ಕಣ ಚಿಮ್ಮಿ, ಸೂಕ್ಷ್ಮರಂಧ್ರಗಳು ಮುಚ್ಚಿ, ನೀರು ಇಂಗುವ ಬದಲು ಕೆಂಪಾಗಿ ಹರಿದು ಹಳ್ಳಕ್ಕೆ ಹೋಗುತ್ತದೆ. ನಾಲ್ಕು ಬೆರಳು ದಪ್ಪದ ಎಲೆಹಾಸು ಆ ಪೆಟ್ಟನ್ನು ತಾನು ತಿಂದು ನೀರನ್ನು ಮೆಲ್ಲಗೆ ಒಳಗಿಳಿಸುತ್ತದೆ. ಹರಟೆಮಲ್ಲ ಹಕ್ಕಿಗಳ ಗುಂಪು, ಚಳಿಗಾಲದ ಅತಿಥಿಯಾದ ನವರಂಗ ಇವು ಎಲೆ ಮಗುಚಿ ಹುಳು ಹೆಕ್ಕುವುದೂ ಅಲ್ಲೇ. ಪ್ರತಿ ಫೆಬ್ರವರಿಯಲ್ಲಿ ದೇಶದ ಹಲವು ಕ್ಯಾಂಪಸ್ಸುಗಳಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಗಣತಿಗೆ ಇಂಥ ಗುಡಿಸದ ಮೂಲೆಯಷ್ಟು ಒಳ್ಳೆಯ ಜಾಗ ಬೇರೊಂದಿಲ್ಲ.

ಇಷ್ಟು ಹೇಳಿದ ಮೇಲೆ, ಮಲೆನಾಡಿನಲ್ಲಿ ಮಾತ್ರ ಎದುರಾಗುವ ಒಂದು ಆಕ್ಷೇಪವನ್ನು ಮುಚ್ಚಿಡಲಾಗದು. ‘ದರಕು ಬಿಟ್ಟರೆ ಉಣುಗು ಸೇರುತ್ತದೆ’ ಎನ್ನುವ ತೋಟದ ಮಾಲಿಯ ಮಾತು ಸೋಮಾರಿತನದ ನೆಪವಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಬಳಿ ಗುರುತಿಸಲಾದ ಮಂಗನ ಕಾಯಿಲೆಯ ವೈರಸ್ಸನ್ನು ಹರಡುವ, ರಕ್ತ ಹೀರುವ ಉಣುಗಿನ ಮರಿಗಳು ಒಣ ಹವೆಯ ತಿಂಗಳುಗಳಲ್ಲೇ, ನೆಲದ ಎಲೆಗಳ ನಡುವೆಯೇ ಚುರುಕಾಗಿರುತ್ತವೆ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಕಾಯಿಲೆ ಹಬ್ಬಿ ಜೀವಗಳು ಹೋದದ್ದನ್ನು ಇಲ್ಲಿನವರು ಮರೆತಿಲ್ಲ. ಮನೆಯ ಪಕ್ಕ ಒಟ್ಟಿದ ದರಕಿನ ರಾಶಿಯೂ ಅಪಾಯದ ಕಾರಣಗಳಲ್ಲೊಂದು. ಆದುದರಿಂದ ಕಾಡಿನ ಅಂಚಿನಿಂದ ದರಕು ತರಿಸಬಾರದು, ಗೊಬ್ಬರದ ರಾಶಿ ಹಾಸ್ಟೆಲಿಗೂ ಕ್ವಾರ್ಟರ್ಸಿಗೂ ದೂರವಿರಬೇಕು, ಗುಡಿಸುವವರಿಗೆ ಗಂಬೂಟು, ತುಂಬುತೋಳಿನ ಅಂಗಿ, ಆರೋಗ್ಯ ಇಲಾಖೆ ಹಂಚುವ ಲೇಪನದ ಎಣ್ಣೆ ಸಿಗಬೇಕು. ಮಂಗ ಸತ್ತು ಬಿದ್ದದ್ದು ಕಂಡರೆ ತಕ್ಷಣ ತಿಳಿಸುವುದು ಎಲ್ಲರಿಗೂ ಗೊತ್ತಿರಬೇಕು. ಸೂಕ್ಷ್ಮಾಣುಜೀವಿ ವಿಭಾಗದ ವಿದ್ಯಾರ್ಥಿಗಳಿಗೂ ಸುತ್ತಲಿನ ಹಳ್ಳಿಗಳ ಆಶಾ ಕಾರ್ಯಕರ್ತೆಯರಿಗೂ ಒಟ್ಟಿಗೆ ಕೂರಲು ಇದಕ್ಕಿಂತ ಒಳ್ಳೆಯ ಕಾರಣ ಬೇಕೆ?

ಸಮುದಾಯದ ಸಹಭಾಗಿತ್ವ ಎಂಬ ಮಾತಿಗೆ ಕ್ಯಾಂಪಸ್ಸಿನಲ್ಲಿ ಇರುವ ತೊಡಕೂ ಇಲ್ಲೇ ಬಯಲಾಗುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿ ಎರಡು ವರ್ಷದಲ್ಲಿ ಹೊರಟುಹೋಗುತ್ತಾನೆ. ಪರಿಸರ ಸಂಘದ ಕಾರ್ಯದರ್ಶಿ ಅದಕ್ಕೂ ಮುಂಚೆ. ಇಪ್ಪತ್ತು ವರ್ಷ ಅಲ್ಲಿಯೇ ಇದ್ದು ಯಾವ ಮರ ಯಾವಾಗ ಎಲೆ ಉದುರಿಸುತ್ತದೆಂದು ಬಲ್ಲವರು ಮಾಲಿಗಳು, ಕಾವಲಿನವರು, ನೆರೆಯ ಹಳ್ಳಿಗರು. ಅವರನ್ನು ಸಭೆಗೆ ಕರೆಯುವ ರೂಢಿ ಕಡಿಮೆ. 2002ರ ಜೀವವೈವಿಧ್ಯ ಕಾಯ್ದೆಯಡಿ ಊರಿನ ತಿಳಿವಳಿಕೆಯನ್ನು ಜನತಾ ಜೀವವೈವಿಧ್ಯ ದಾಖಲೆಯಲ್ಲಿ ಬರೆದಿಡುವ ವ್ಯವಸ್ಥೆ ಬಂದಿದೆ. ರಾಜ್ಯ ಸರ್ಕಾರ ಜೀವವೈವಿಧ್ಯ ಪಾರಂಪರಿಕ ತಾಣಗಳೆಂದು ಘೋಷಿಸಿದವುಗಳಲ್ಲಿ ನಮ್ಮ ಸಾಗರ ತಾಲ್ಲೂಕಿನ ಅಂಬಾರಗುಡ್ಡದ ಜತೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವೂ ಇದೆ. ಗುಡ್ಡಕ್ಕೆ ಸಿಕ್ಕ ಮಾನ್ಯತೆ ಕ್ಯಾಂಪಸ್ಸಿಗೂ ಸಿಗಬಹುದು ಎಂದಾಯಿತು.

ಫೆಬ್ರವರಿಯಲ್ಲಿ ಕಟ್ಟಿದ ರಾಶಿ ಚೆನ್ನಾಗಿ ಮಗುಚಿದರೆ ಮೂರು, ನಾಲ್ಕು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಅದರಲ್ಲಿ ಏಪ್ರಿಲ್, ಮೇ ತಿಂಗಳುಗಳೇ ಕಷ್ಟದವು: ಪರೀಕ್ಷೆ, ಆಮೇಲೆ ರಜೆ, ಜತೆಗೆ ನೀರಿನ ಅಭಾವ. ಮಗುಚುವ ಕೆಲಸವನ್ನು ಸ್ವಯಂಸೇವಕರಿಗೆ ಒಪ್ಪಿಸದೆ, ಕೂಲಿ ಕೊಟ್ಟು ಮಾಲಿಗಳ ದಿನಚರಿಯೊಳಗೇ ಸೇರಿಸಿದಲ್ಲಿ ಮಾತ್ರ ರಾಶಿ ಆ ಎರಡು ತಿಂಗಳನ್ನು ದಾಟುತ್ತದೆ. ಮುಂಗಾರಿಗೆ ಮೊದಲು ಅದರ ಮೇಲೆ ತಗಡಿನ ಮಾಡೋ ಅಡಿಕೆ ಸೋಗೆಯೋ ಬೀಳಬೇಕು, ಇಲ್ಲದಿದ್ದರೆ ಮಲೆನಾಡಿನ ಮಳೆ ಅದರ ಸಾರವನ್ನೆಲ್ಲ ತೊಳೆದುಬಿಡುತ್ತದೆ. ಜೂನಿನಲ್ಲಿ ಗುಂಡಿಗೆ ಸುರಿಯುವಾಗ ಕಪ್ಪು ಪುಡಿಯ ನಡುವೆ ಅಲ್ಲಲ್ಲಿ ತೇಗದ ಎಲೆಯ ನರಗಳು ಬಲೆಯಂತೆ ಉಳಿದಿರುತ್ತವೆ. ಅವನ್ನು ಆರಿಸಿ ತೆಗೆಯಬೇಕಾಗಿಲ್ಲ, ಮಣ್ಣಿನಲ್ಲಿ ನಿಧಾನವಾಗಿ ಕರಗುತ್ತವೆ.