ಪೊಲೀಸ್ ದೂರು ಪ್ರಾಧಿಕಾರ ಅಂದ್ರೆ ಏನು? (ಜನಸಂಪರ್ಕ ಸಭೆ ಬೇರೆ, ಇದು ಬೇರೆ)

ಠಾಣೆಗಳಲ್ಲಿ ಆಗಾಗ ಜನಸಂಪರ್ಕ ಸಭೆ ಮಾಡ್ತಾರಲ್ಲ, ಇನ್ಸ್‌ಪೆಕ್ಟರ್ ಸಾಹೇಬ್ರು ಮುಂದೆ ಕೂತಿರ್ತಾರೆ, ಏರಿಯಾದವರು ಒಬ್ಬೊಬ್ಬರೇ ಎದ್ದು ವೀಲಿಂಗ್ ಹುಡುಗರ ಕಾಟ, ಗಾಂಜಾ, ಪೆಟ್ಟಿಗೆ ಅಂಗಡೀಲಿ ಎಣ್ಣೆ ಮಾರೋದು, ರಾತ್ರಿ ಬೀಟ್‌ನವರು ಬರ್ತಿಲ್ಲ ಅಂತ ಹೇಳ್ಕೋತಾರೆ. ಎಸ್‌ಸಿ-ಎಸ್‌ಟಿ ಕುಂದುಕೊರತೆ ಸಭೆನೂ ಸುಮಾರು ಹೀಗೇ. ಒಳ್ಳೇದೇ, ಬೇಡ ಅನ್ನಲ್ಲ. ಆದ್ರೆ ದೂರು ಆ ಠಾಣೆಯವರ ಮೇಲೇ ಇದ್ರೆ? ಲಾಕಪ್ಪಲ್ಲಿ ಹಾಕಿ ಹೊಡೆದ್ರು, ಸೈಟ್ ಗಲಾಟೇಲಿ ಒಂದು ಪಾರ್ಟಿ ಕಡೆ ನಿಂತು ಹೆದರಿಸಿದ್ರು ಅಂತ ಅದೇ ಸಾಹೇಬ್ರ ಎದುರು ಮೈಕ್ ಹಿಡಿದು ಯಾರಪ್ಪ ಹೇಳ್ತಾರೆ. ಅಂಥ ದೂರು ಕೇಳೋಕೆ ಅಂತಲೇ ಇರೋದು ಪೊಲೀಸ್ ದೂರು ಪ್ರಾಧಿಕಾರ.

ಇದು ಬಂದಿದ್ದು ಕೋರ್ಟಿಂದ. ಡಿಜಿಪಿ ಆಗಿ ರಿಟೈರ್ ಆಗಿದ್ದ ಪ್ರಕಾಶ್ ಸಿಂಗ್ ಅವರು 1996ರಲ್ಲಿ ಪೊಲೀಸ್ ಸುಧಾರಣೆ ಆಗ್ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋದ್ರು (ಪೊಲೀಸ್ ಸುಧಾರಣೆ ಕೇಳಿದ್ದೂ ಪೊಲೀಸೇ ನೋಡಿ), ಹತ್ತು ವರ್ಷ ಆದ್ಮೇಲೆ, 2006ರ ಸೆಪ್ಟೆಂಬರ್ 22ಕ್ಕೆ ತೀರ್ಪು ಬಂತು, ಅದರಲ್ಲಿದ್ದ ಏಳು ನಿರ್ದೇಶನಗಳಲ್ಲಿ ಇದೂ ಒಂದು. ಡಿವೈಎಸ್‌ಪಿ ಮಟ್ಟದವರೆಗಿನ ಅಧಿಕಾರಿಗಳ ಮೇಲಿನ ದೂರಿಗೆ ಜಿಲ್ಲಾ ಪ್ರಾಧಿಕಾರ, ಎಸ್‌ಪಿ ಮತ್ತು ಮೇಲಿನವರಿಗೆ ರಾಜ್ಯ ಪ್ರಾಧಿಕಾರ, ಎರಡಕ್ಕೂ ನಿವೃತ್ತ ಜಡ್ಜ್ ಅಧ್ಯಕ್ಷರು ಅನ್ನೋದು ಕೋರ್ಟ್ ಹೇಳಿದ ಲೆಕ್ಕ. ಮುಖ್ಯವಾದದ್ದು ಏನಂದ್ರೆ ಪ್ರಾಧಿಕಾರ ಕ್ರಮ ತಗೊಳ್ಳಿ ಅಂತ ಶಿಫಾರಸು ಮಾಡಿದ್ರೆ ಅದನ್ನ ಪಾಲಿಸಲೇಬೇಕು ಅಂತಾನೂ ಹೇಳಿತ್ತು. ಸುಮಾರು ರಾಜ್ಯಗಳು ಇದನ್ನ ತಮಗೆ ಬೇಕಾದ ಹಾಗೆ ನೀರು ಮಾಡ್ಕೊಂಡ್ವು, ಅದು ಬೇರೆ ಕಥೆ. ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು ಇದನ್ನ ಸೇರಿಸಿದ್ರು.

ಎಲ್ಲಾದಕ್ಕೂ ಇಲ್ಲಿಗೆ ಹೋಗೋಕಾಗಲ್ಲ. ಕಾನ್‌ಸ್ಟೇಬಲ್ ಏಕವಚನದಲ್ಲಿ ಮಾತಾಡಿದ ಅಂದ್ರೆ ಸಿಟ್ಟು ಬರುತ್ತೆ, ಬರ್ಲೇಬೇಕು, ಆದ್ರೆ ಅದು ಮೇಲಧಿಕಾರಿಗೆ ಹೇಳೋ ವಿಷಯ. ಕಸ್ಟಡೀಲಿ ಸಾವು, ತೀವ್ರ ಗಾಯ, ಅತ್ಯಾಚಾರ, ಇಂಥವು ಪ್ರಾಧಿಕಾರಕ್ಕೆ ಬರೋ ಕೇಸುಗಳು. ಸುಲಿಗೆ, ಜಾಗ ಕಬಳಿಸೋದು, ಅಧಿಕಾರದ ದೊಡ್ಡ ದುರ್ಬಳಕೆ ಇವನ್ನೂ ಜಿಲ್ಲಾ ಮಟ್ಟದಲ್ಲಿ ವಿಚಾರಣೆ ಮಾಡ್ಬಹುದು ಅಂತ ತೀರ್ಪಲ್ಲಿದೆ. ಲಂಚ ಕೇಳಿದ್ರೆ ಲೋಕಾಯುಕ್ತ. ಎಫ್‌ಐಆರ್ ತಗೊಳ್ತಿಲ್ಲ ಅಂದ್ರೆ ದೂರನ್ನ ಪೋಸ್ಟಲ್ಲಿ ಎಸ್‌ಪಿಗೆ ಕಳಿಸ್ಬಹುದು, ಅಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್.

ನನ್ನ ತಕರಾರು ಇಷ್ಟೇ, ಸಭೆ ಮಾಡಿದ ಫೋಟೋ ಪೇಪರಲ್ಲಿ ಬರುತ್ತೆ, ಈ ಪ್ರಾಧಿಕಾರ ಇದೆ ಅನ್ನೋ ಬೋರ್ಡು ಮಾತ್ರ ಠಾಣೇಲಿ ಕಣ್ಣಿಗೆ ಬೀಳಲ್ಲ. ಅಹವಾಲು ಕೇಳೋದು ಪೊಲೀಸರ ದೊಡ್ಡತನ ಅಂತಾದ್ರೂ ಹೇಳ್ಬಹುದು, ತಮ್ಮ ಮೇಲಿನ ದೂರಿಗೆ ಉತ್ತರ ಕೊಡೋದು ಹಾಗಲ್ಲ, ಅದು ಅವರ ಕರ್ತವ್ಯ, ಒಂದು ಮಾಡಿದ್ರೆ ಇನ್ನೊಂದು ಬೇಡ ಅನ್ನೋ ಹಾಗಿಲ್ಲ.

ದೂರು ಕೊಡೋರಿಗೆ ಒಂದು ಮಾತು. ಠಾಣೇಲಿ ಅರ್ಜಿ ಕೊಟ್ಟಾಗ 'ನೋಡೋಣ ಹೋಗಿ' ಅಂದ್ರೆ ಸುಮ್ನೆ ಬರ್ಬೇಡಿ, ಹಿಂಬರಹ (ಅರ್ಜಿಗೆ ಠಾಣೆಯವರು ಬರೆದುಕೊಡೋ ಉತ್ತರ) ಕೇಳಿ. ಗಾಯ ಆಗಿದ್ರೆ ಅವತ್ತೇ ಸರ್ಕಾರಿ ಆಸ್ಪತ್ರೇಲಿ ತೋರಿಸಿ ದಾಖಲೆ ಮಾಡಿಸಿ. ಠಾಣೆಯ ಸಿಸಿಟಿವಿ ಫುಟೇಜ್ ಕನಿಷ್ಠ ಒಂದು ವರ್ಷ ಇಡ್ಬೇಕು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹಾಗಾಗಿ ದೂರಲ್ಲೇ ತಾರೀಖು, ಟೈಮ್ ಹಾಕಿ ಆ ಫುಟೇಜ್ ತೆಗೆದಿಡಿ ಅಂತ ಬರೀರಿ.