ಒಂದೇ ಕಾಲುವೆಯ ನೀರು: ‘ರೈವಲ್’, ‘ಕಾಂಪಿಟ್’ ಪದಗಳ ಹಿಂದಿನ ಕಥೆ

ಕ್ರೀಡಾ ಪುಟದಲ್ಲಿ ದಿನಾ ಕಾಣುವ ಪದ ‘ರೈವಲ್’. ಎದುರಾಳಿ, ಬದ್ಧ ವೈರಿ ಅಂತ ನಾವು ಓದಿಕೊಳ್ಳುತ್ತೇವೆ. ಇದಕ್ಕೊಂದು ಜನಪ್ರಿಯ ವಿವರಣೆಯೂ ಇದೆ: ‘ರಿವರ್’ ಅಂದರೆ ನದಿ, ನದಿ ನೀರಿಗೆ ಕಿತ್ತಾಡಿದವರೇ ರೈವಲ್. ಇದು ಅರ್ಧ ಸರಿ, ಅರ್ಧ ತಪ್ಪು. ‘ರಿವರ್’ ಬಂದಿದ್ದು ಲ್ಯಾಟಿನ್ನಿನ ‘ರೀಪಾ’ದಿಂದ, ಅಂದರೆ ದಡ. ರೈವಲ್‌ನ ಬೇರು ‘ರೀವುಸ್’. ಅದು ತೊರೆ, ಇಲ್ಲವೇ ಹೊಲಕ್ಕೆ ನೀರು ಹಾಯಿಸುವ ಸಣ್ಣ ಕಾಲುವೆ.

‘ರೀವಾಲಿಸ್’ ಅಂದರೆ ಆ ಕಾಲುವೆಯ ಪಾಲುದಾರ. ಕ್ರಿ.ಶ. 533ರಲ್ಲಿ ಚಕ್ರವರ್ತಿ ಜಸ್ಟೀನಿಯನ್ ಹೊರಡಿಸಿದ ರೋಮನ್ ಕಾನೂನು ಸಂಗ್ರಹದಲ್ಲಿ ಈ ಪದ ಇದೇ ಅರ್ಥದಲ್ಲಿದೆ: ಒಂದೇ ಕಾಲುವೆಯಿಂದ ನೀರು ತೆಗೆದುಕೊಳ್ಳುವವರ ನಡುವೆ ತಕರಾರು ಬಂದರೆ ಏನು ಮಾಡಬೇಕು ಎಂಬ ಮಾತಿನಲ್ಲಿ.

ನಾಲೆ ಬಯಲಿನಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಗದ್ದೆಯವರು ರಾತ್ರಿ ನಾಲ್ಕು ಸನಿಕೆ ಮಣ್ಣು ಅಡ್ಡ ಹಾಕಿದರೆ ಸಾಕು, ಕೆಳಗಿನ ಪೈರು ಒಣಗುತ್ತದೆ. ಬೆಳಿಗ್ಗೆ ಬದುವಿನ ಮೇಲೆ ನಿಂತು ಬಾಯಿಗೆ ಬಂದಂತೆ ಬೈದಾಡುತ್ತಾರೆ. ಕಾಲುವೆಯಲ್ಲಿ ಹೂಳು ತುಂಬಿದಾಗ ಅದೇ ಇಬ್ಬರು ಒಟ್ಟಿಗೆ ಗುದ್ದಲಿ ಹಿಡಿಯುತ್ತಾರೆ. ಹಿಡಿಯದೆ ವಿಧಿಯಿಲ್ಲ. ಜಗಳ, ಪಾಲು ಎರಡೂ ಆ ಪದದೊಳಗೆ ಇದ್ದವು.

ಜಗಳದ ಅರ್ಥವೂ ಹಳೆಯದೇ. ಒಬ್ಬಳೇ ಹುಡುಗಿಯ ಹಿಂದೆ ಬಿದ್ದ ಇಬ್ಬರನ್ನು ರೋಮನ್ ಹಾಸ್ಯನಾಟಕಗಳು ಕ್ರಿಸ್ತಪೂರ್ವದಲ್ಲೇ ಹೀಗೆ ಕರೆದಿದ್ದವು. 16ನೇ ಶತಮಾನದಲ್ಲಿ ಪದ ಇಂಗ್ಲಿಷಿಗೆ ಬಂದಾಗಲೂ ಎರಡು ಅರ್ಥ ಉಳಿದಿತ್ತು. ಶೇಕ್ಸ್‌ಪಿಯರ್‌ನ ‘ಹ್ಯಾಮ್ಲೆಟ್’ ನಾಟಕದ ಮೊದಲ ದೃಶ್ಯದಲ್ಲಿ ಒಬ್ಬ ಕಾವಲುಗಾರ ತನ್ನ ಜೊತೆ ಪಹರೆಗೆ ಬರುವವರನ್ನು ‘ರೈವಲ್ಸ್’ ಅನ್ನುತ್ತಾನೆ. ಅಲ್ಲಿ ಅವರು ವೈರಿಗಳಲ್ಲ, ಜೊತೆಗಾರರು. ಕನ್ನಡದ ‘ದಾಯಾದಿ’ ನೆನಪಾಗುತ್ತದೆ, ಅಲ್ವಾ? ದಾಯ ಅಂದರೆ ಪಿತ್ರಾರ್ಜಿತ ಆಸ್ತಿ. ಅದರಲ್ಲಿ ಪಾಲಿರುವ ನೆಂಟನ ಹೆಸರೇ ನಮ್ಮಲ್ಲೂ ಹಗೆಗೆ ಅಂಟಿಕೊಂಡಿತು.

‘ಕಾಂಪಿಟ್’ ಪದದ ಹಾದಿ ಇನ್ನೂ ಗೋಜಲು. ಲ್ಯಾಟಿನ್ನಿನ ‘ಕೊಂಪೆತೆರೆ’ಯಲ್ಲಿ ‘ಜೊತೆಗೆ’ ಮತ್ತು ‘ಹುಡುಕು’ ಎಂಬ ಎರಡು ತುಂಡುಗಳಿವೆ. ಮೊದಮೊದಲು ಅದರ ಅರ್ಥ ಒಂದೆಡೆ ಸೇರು, ಹೊಂದಿಕೊಳ್ಳು, ತಕ್ಕದಾಗಿರು. ‘ಕಾಂಪಿಟೆಂಟ್’ನಲ್ಲಿ ಆ ಅರ್ಥ ಇವತ್ತಿಗೂ ಇದೆ. ಸರ್ಕಾರಿ ಆದೇಶಗಳ ‘ಸಕ್ಷಮ ಪ್ರಾಧಿಕಾರ’ ಅದೇ. ಒಂದೇ ವಸ್ತುವಿಗಾಗಿ ಹಲವರು ಪೈಪೋಟಿ ನಡೆಸುವ ಅರ್ಥ ತಡವಾಗಿ ಬಂತು. 19ನೇ ಶತಮಾನದ ಆರಂಭದಲ್ಲೂ ‘ಕಾಂಪಿಟ್’ ಎಂಬ ಕ್ರಿಯಾಪದ ಬ್ರಿಟನ್ನಿನವರ ಕಿವಿಗೆ ಸ್ಕಾಟ್ಲೆಂಡ್ ಅಥವಾ ಅಮೆರಿಕದ ಮಾತಿನಂತೆ ಕೇಳಿಸುತ್ತಿತ್ತು.

ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು: ಕಾರ್ಖಾನೆ, ಮಾರುಕಟ್ಟೆ, ಪರೀಕ್ಷೆ. 1859ರಲ್ಲಿ ಡಾರ್ವಿನ್ ‘ಬದುಕಿಗಾಗಿ ಹೋರಾಟ’ ಎಂದಾಗ, ಒಂದು ಜೀವಿ ಇನ್ನೊಂದನ್ನು ನೆಚ್ಚಿಕೊಂಡಿರುವುದೂ ಅದರಲ್ಲಿ ಸೇರಿದೆ ಎಂದು ಬಿಡಿಸಿ ಬರೆದಿದ್ದರು. ಮರುಭೂಮಿಯ ಅಂಚಿನಲ್ಲಿ ಬರಕ್ಕೆ ಎದುರು ನಿಂತ ಗಿಡವೂ ಅವರ ಲೆಕ್ಕದಲ್ಲಿ ಹೋರಾಡುತ್ತಿತ್ತು. ಜನರ ಬಾಯಲ್ಲಿ ಉಳಿದಿದ್ದು ಮಾತ್ರ ಕಚ್ಚಾಟದ ಚಿತ್ರ. ಇದು ನಷ್ಟ ಎಂದೇ ನನಗನ್ನಿಸುತ್ತದೆ.

ನಮ್ಮ ಕಡೆಗೆ ‘ಕಾಂಪಿಟ್’ ಪದ ಜಾಸ್ತಿ ಬಂದಿದ್ದು ಪರೀಕ್ಷೆಯ ದಾರಿಯಲ್ಲಿ. 1855ರಲ್ಲಿ ಲಂಡನ್ನಿನಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್‌ಗೆ ಮುಕ್ತ ಸ್ಪರ್ಧೆಯ ಪರೀಕ್ಷೆ ಶುರುವಾಯಿತು. ಹಾಗೆ ಪಾಸಾಗಿ ಬಂದವರನ್ನು ಹಳೆಯ ಆಂಗ್ಲ ಅಧಿಕಾರಿಗಳು ‘ಕಾಂಪಿಟಿಷನ್ ವಾಲಾ’ ಎಂದು ಆಡಿಕೊಳ್ಳುತ್ತಿದ್ದರು. ಈಗ ಧಾರವಾಡದ ಬಾಡಿಗೆ ಕೋಣೆಗಳಲ್ಲಿ ಹುಡುಗರು ‘ಕಾಂಪಿಟೇಟಿವ್’ ಅಂದರೆ ಸಾಕು, ಯಾವ ಓದು ಎಂದು ಯಾರೂ ಕೇಳುವುದಿಲ್ಲ. ಒಂದೇ ಹುದ್ದೆಗೆ ಅರ್ಜಿ ಹಾಕಿದ ಮೂವರು ಅಲ್ಲಿ ಒಂದೇ ನೋಟ್ಸ್‌ನ ಜೆರಾಕ್ಸ್ ಹಂಚಿಕೊಂಡು ಓದುತ್ತಾರೆ. ಒಬ್ಬನಿಗೆ ಜ್ವರ ಬಂದರೆ ಉಳಿದಿಬ್ಬರು ಗಂಜಿ ಕಾಯಿಸುತ್ತಾರೆ.